ಗರ್ಭನಿರೋಧಕವನ್ನು ನಿಲ್ಲಿಸಿದ ಮೇಲೆ ಗರ್ಭಧಾರಣೆ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಮಕ್ಕಳು ಯಾವಾಗ ಬೇಕು, ಎಷ್ಟು ಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ದಂಪತಿಗಳದು. ಆದರೆ ಕುಟುಂಬ ಕಲ್ಯಾಣದ ವಿಚಾರ ಬಂದಾಗಲೆಲ್ಲ ಗರ್ಭವನ್ನು ತಡೆಯುವ ಬಗೆಯನ್ನು ಕುರಿತೇ ಹೆಚ್ಚಾಗಿ ಹೇಳಲಾಗುತ್ತದೆ. ಹಲವು ವರ್ಷ ಗುಳಿಗೆಯನ್ನೋ ಚುಚ್ಚುಮದ್ದನ್ನೋ ಬಳಸಿದ ದಂಪತಿಗಳು ಅದನ್ನು ನಿಲ್ಲಿಸಿ ಮಗುವನ್ನು ಬಯಸಿದಾಗ ಏನಾಗುತ್ತದೆ, ಎಷ್ಟು ಕಾಲ ಕಾಯಬೇಕಾಗುತ್ತದೆ, ಯಾವಾಗ ವೈದ್ಯರನ್ನು ಕಾಣಬೇಕು ಎಂಬ ಮಾತು ಮನೆಗಳಲ್ಲಿ ಪಿಸುಮಾತಾಗಿಯೇ ಉಳಿದಿದೆ. ಆ ಮೌನದ ನಡುವೆ ಹುಟ್ಟಿಕೊಂಡ ತಪ್ಪು ನಂಬಿಕೆಗಳ ಭಾರವನ್ನು ಬಹುಮಟ್ಟಿಗೆ ಹೊರುವವಳು ಹೆಣ್ಣು. ‘ಗುಳಿಗೆ ನುಂಗಿ ಬಸಿರು ಕಟ್ಟಿಹೋಯಿತು’ ಎಂಬ ಒಂದು ಮಾತು ಒಂದು ಸಂಸಾರದ ನೆಮ್ಮದಿಯನ್ನೇ ಕದಡಬಲ್ಲದು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ತಿಳಿದುಕೊಳ್ಳುವುದು ಅವಶ್ಯ. ಚೆನ್ನೈ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅಲ್ಲಿ ದೊರೆಯುವ ಸೌಲಭ್ಯಗಳನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಸ್ವಲ್ಪ ಹಿನ್ನೆಲೆ

ಜನನ ನಿಯಂತ್ರಣವು ಕನ್ನಡನಾಡಿಗೆ ಹೊಸ ವಿಚಾರವಲ್ಲ. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಜನನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ನೀಡಿತು. ಸರ್ಕಾರವೊಂದು ತಾನಾಗಿಯೇ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವೆಂದು ಹೆಸರಾಗಿವೆ. ಸ್ವತಂತ್ರ ಭಾರತವು 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. ಅಮೆರಿಕದಲ್ಲಿ 1960ರಲ್ಲಿ ಮೊದಲ ಗರ್ಭನಿರೋಧಕ ಗುಳಿಗೆಗೆ ಅನುಮತಿ ದೊರೆಯಿತು. ಇಂದು ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಮಾಲಾ-ಎನ್’ ಗುಳಿಗೆಯನ್ನು ಉಚಿತವಾಗಿ ವಿತರಿಸಲಾಗುತ್ತಿದೆ. ‘ಅಂತರಾ’ ಎಂಬ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು 2017ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ, ವಾರಕ್ಕೊಮ್ಮೆ ಸೇವಿಸುವ ಗುಳಿಗೆಯು ಈಗ ‘ಛಾಯಾ’ ಎಂಬ ಹೆಸರಿನಲ್ಲಿ ದೊರೆಯುತ್ತದೆ.

ಗುಳಿಗೆ ಕೆಲಸ ಮಾಡುವ ಬಗೆ

ನಿಲ್ಲಿಸಿದ ನಂತರ ಏನಾಗುತ್ತದೆ ಎಂಬುದನ್ನು ಅರಿಯಲು, ಬಳಸುತ್ತಿರುವಾಗ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎರಡು ಹಾರ್ಮೋನುಗಳನ್ನು ಸ್ರವಿಸಿ ಅಂಡಾಶಯಗಳನ್ನು ಪ್ರಚೋದಿಸುತ್ತದೆ. ಅದರ ಫಲವಾಗಿ ಪ್ರತಿ ಋತುಚಕ್ರದಲ್ಲಿಯೂ ಸಾಮಾನ್ಯವಾಗಿ ಒಂದು ಅಂಡಾಣು ಪಕ್ವವಾಗಿ ಹೊರಬರುತ್ತದೆ. ಮಾಲಾ-ಎನ್ ಗುಳಿಗೆಯಲ್ಲಿರುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೋಜೆನ್ ಎಂಬ ಹಾರ್ಮೋನುಗಳು ಈ ಪ್ರಚೋದನೆಯನ್ನು ತಡೆಹಿಡಿಯುತ್ತವೆ. ಅಂಡಾಣು ಬಿಡುಗಡೆಯಾಗುವುದಿಲ್ಲ. ಜೊತೆಗೆ ಗರ್ಭಕೋಶದ ಕೊರಳಿನ ಲೋಳೆಯು ಗಟ್ಟಿಯಾಗಿ ವೀರ್ಯಾಣುಗಳ ಹಾದಿಯನ್ನು ಮುಚ್ಚುತ್ತದೆ.

ಒಂದು ಪಟ್ಟಿಯಲ್ಲಿ 28 ಗುಳಿಗೆಗಳಿರುತ್ತವೆ. ಅವುಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಕಬ್ಬಿಣಾಂಶದ ಗುಳಿಗೆಗಳ ದಿನಗಳಲ್ಲಿ ಕಾಣುವ ರಕ್ತಸ್ರಾವವು ನಿಜವಾದ ಮುಟ್ಟಲ್ಲ. ಹಾರ್ಮೋನು ನಿಂತದ್ದರ ಪರಿಣಾಮ ಮಾತ್ರ. ಈ ಅಂಶ ಮುಖ್ಯವಾದುದು. ಮದುವೆಗೆ ಮುಂಚೆ ಅನಿಯಮಿತವಾಗಿದ್ದ ಮುಟ್ಟು ಗುಳಿಗೆಯ ಕಾಲದಲ್ಲಿ ಗಡಿಯಾರದಂತೆ ಬಂದಿರಬಹುದು. ನಿಲ್ಲಿಸಿದೊಡನೆ ಹಳೆಯ ಏರುಪೇರು ಮತ್ತೆ ಕಾಣಿಸಿಕೊಳ್ಳಬಹುದು. ಅದು ಗುಳಿಗೆ ತಂದ ರೋಗವಲ್ಲ, ಗುಳಿಗೆಯ ಹಿಂದೆ ಮರೆಯಾಗಿದ್ದ ಸ್ಥಿತಿ. ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆಗಳಂತೆ ಕಾಣುವ ಪಿ.ಸಿ.ಓ.ಎಸ್. ಎಂಬ ತೊಂದರೆ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದವು ಹೀಗೆ ತಡವಾಗಿ ಬೆಳಕಿಗೆ ಬರುವುದುಂಟು.

ನಿಲ್ಲಿಸಿದ ಮೇಲೆ ಎಷ್ಟು ಕಾಲ?

ಎಲ್ಲ ಸಾಧನಗಳಿಗೂ ಒಂದೇ ಉತ್ತರವಿಲ್ಲ. ಬಗೆಬಗೆಯಾಗಿ ನೋಡೋಣ.

1. ನಿತ್ಯದ ಗುಳಿಗೆ: ಇದರ ಹಾರ್ಮೋನು ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಕೆಲವರಲ್ಲಿ ಮೊದಲ ತಿಂಗಳಲ್ಲೇ ಅಂಡಾಣು ಬಿಡುಗಡೆಯಾಗಿ ಗರ್ಭ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಋತುಚಕ್ರ ನೆಲೆಗೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತದೆ.

2. ಅಂತರಾ ಚುಚ್ಚುಮದ್ದು: ಔಷಧವು ಸ್ನಾಯುವಿನಲ್ಲಿ ಶೇಖರವಾಗಿ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ಇಲ್ಲಿ ವಿಳಂಬ ಸಹಜ. ಕೊನೆಯ ಚುಚ್ಚುಮದ್ದಿನಿಂದ ಲೆಕ್ಕ ಹಿಡಿದರೆ ಗರ್ಭಧಾರಣೆಗೆ ಸರಾಸರಿ ಏಳರಿಂದ ಹತ್ತು ತಿಂಗಳು ಬೇಕಾಗುತ್ತದೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಇದು ವಿಳಂಬವೇ ಹೊರತು ಶಾಶ್ವತ ನಷ್ಟವಲ್ಲ.

3. ತೋಳಿನ ಚರ್ಮದಡಿ ಇಡುವ ಕಡ್ಡಿ ಮತ್ತು ಗರ್ಭಕೋಶದೊಳಗಿನ ಹಾರ್ಮೋನು ಸಾಧನ: ಇವನ್ನು ತೆಗೆಸಿದ ಬಳಿಕ ಗರ್ಭಧಾರಣಾ ಶಕ್ತಿ ಬೇಗನೆ ಮರಳುತ್ತದೆ.

4. ತಾಮ್ರದ ವಂಕಿ ಅಥವಾ ಕಾಪರ್-ಟಿ: ಇದರಲ್ಲಿ ಹಾರ್ಮೋನು ಇಲ್ಲ. ತೆಗೆಸಿದ ತಿಂಗಳಲ್ಲೇ ಗರ್ಭ ನಿಲ್ಲುವ ಸಾಧ್ಯತೆಯಿದೆ.

5. ಛಾಯಾ: ಇದು ಸ್ಟಿರಾಯ್ಡ್ ಹಾರ್ಮೋನು ಅಲ್ಲ. ನಿಲ್ಲಿಸಿದ ನಂತರ ಸಾಮಾನ್ಯವಾಗಿ ಆರು ತಿಂಗಳೊಳಗೆ ಗರ್ಭಧಾರಣಾ ಶಕ್ತಿ ಮರಳುತ್ತದೆ.

ಈ ವಿಷಯದಲ್ಲಿ ವಿಸ್ತಾರವಾದ ಅಧ್ಯಯನಗಳು ನಡೆದಿವೆ. ಡೆನ್ಮಾರ್ಕ್, ಅಮೆರಿಕ ಮತ್ತು ಕೆನಡಾ ದೇಶಗಳ ಸುಮಾರು 18,000 ಮಹಿಳೆಯರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಲವತ್ತತೆ ಮೊದಲಿನ ಸ್ಥಿತಿಗೆ ಮರಳಲು ಗುಳಿಗೆ ಬಳಸಿದವರಿಗೆ ಸುಮಾರು ಮೂರು ಋತುಚಕ್ರಗಳೂ, ಚುಚ್ಚುಮದ್ದು ಪಡೆದವರಿಗೆ ಐದರಿಂದ ಎಂಟು ಋತುಚಕ್ರಗಳೂ, ಗರ್ಭಕೋಶದ ಸಾಧನ ಅಥವಾ ತೋಳಿನ ಕಡ್ಡಿ ಬಳಸಿದವರಿಗೆ ಎರಡು ಋತುಚಕ್ರಗಳೂ ಬೇಕಾದುವು ಎಂದು ಕಂಡುಬಂದಿತು. ಹೆಚ್ಚು ವರ್ಷ ಬಳಸಿದವರಿಗೆ ಹೆಚ್ಚು ಶಾಶ್ವತ ತೊಂದರೆ ಎಂಬ ನಂಬಿಕೆಗೆ ಆಧಾರ ದೊರೆಯಲಿಲ್ಲ. ಇದಕ್ಕೂ ಮುಂಚೆ, 2018ರಲ್ಲಿ, ಬೇರೆ ಬೇರೆ ಸಾಧನಗಳನ್ನು ಕುರಿತ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಧನವನ್ನು ನಿಲ್ಲಿಸಿದ ಮಹಿಳೆಯರಲ್ಲಿ ಶೇಕಡ 83ರಷ್ಟು ಮಂದಿ ಒಂದು ವರ್ಷದೊಳಗೆ ಗರ್ಭ ಧರಿಸಿದ್ದರು. ಯಾವ ಸಾಧನವನ್ನೂ ಬಳಸದ ದಂಪತಿಗಳಲ್ಲಿಯೂ ಈ ಪ್ರಮಾಣ ಹೆಚ್ಚು ಕಡಿಮೆ ಇಷ್ಟೇ ಎಂಬುದನ್ನು ಗಮನಿಸಬೇಕು.

ಒಂದು ಲೆಕ್ಕ

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಪೆರಂಬೂರಿನಲ್ಲಿ ವಾಸವಾಗಿರುವ ದಂಪತಿಗಳಿಗೆ ಮೂರು ವರ್ಷದ ಒಂದು ಮಗುವಿದೆ ಎಂದಿಟ್ಟುಕೊಳ್ಳೋಣ. ಹೆರಿಗೆಯ ನಂತರ ತಾಯಿ ಅಂತರಾ ಚುಚ್ಚುಮದ್ದನ್ನು ಪಡೆಯುತ್ತ ಬಂದಿದ್ದಾರೆ. ಜನವರಿ 10ರಂದು ಕೊನೆಯ ಚುಚ್ಚುಮದ್ದು ಆಯಿತು. ಎರಡನೆಯ ಮಗು ಬೇಕೆಂದು ನಿಶ್ಚಯಿಸಿ ಏಪ್ರಿಲ್ 10ರಂದು ಪಡೆಯಬೇಕಾಗಿದ್ದ ಮುಂದಿನ ಚುಚ್ಚುಮದ್ದನ್ನು ಅವರು ಪಡೆಯಲಿಲ್ಲ. ಮೇ ತಿಂಗಳಾಯಿತು, ಜುಲೈ ಕಳೆಯಿತು, ಮುಟ್ಟು ಸರಿಯಾಗಿ ಬರಲಿಲ್ಲ. ಮನೆಯಲ್ಲಿ ಮಾತು ಹುಟ್ಟಿತು. ಆದರೆ ಜನವರಿಯಿಂದ ಎಣಿಸಿದರೆ ಏಳು ತಿಂಗಳು ತುಂಬುವುದು ಆಗಸ್ಟ್ 10ಕ್ಕೆ, ಹತ್ತು ತಿಂಗಳು ತುಂಬುವುದು ನವೆಂಬರ್ 10ಕ್ಕೆ. ಜುಲೈ ತಿಂಗಳಲ್ಲಿ ಗಾಬರಿಪಡಲು ಯಾವ ಕಾರಣವೂ ಇಲ್ಲ. ಈ ಲೆಕ್ಕವನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಇದೇ ಲೆಕ್ಕವು ಇನ್ನೊಂದು ಪಾಠವನ್ನೂ ಹೇಳುತ್ತದೆ. ಒಂದು ವರ್ಷದೊಳಗೆ ಮಗು ಬೇಕೆಂದು ಬಯಸುವವರು ಚುಚ್ಚುಮದ್ದನ್ನು ಮುಂದುವರಿಸದೆ, ನಿರೋಧ್ ಅಥವಾ ಗುಳಿಗೆಯಂತಹ ಸಾಧನಕ್ಕೆ ಬದಲಾಯಿಸಿಕೊಳ್ಳುವುದು ಮೇಲು. ವಯಸ್ಸು 33 ಅಥವಾ 34 ಆಗಿರುವ ಮಹಿಳೆಗೆ ಈ ಕೆಲವು ತಿಂಗಳುಗಳೂ ಅಮೂಲ್ಯವಾದುವು. ಏಕೆಂದರೆ ಗುಳಿಗೆಯಾಗಲಿ ಚುಚ್ಚುಮದ್ದಾಗಲಿ ವಯಸ್ಸನ್ನು ತಡೆದು ನಿಲ್ಲಿಸುವುದಿಲ್ಲ. ಹೆಣ್ಣಿನ ಫಲವತ್ತತೆಯು ಮೂವತ್ತರ ನಂತರ ಮೆಲ್ಲಗೆ, ಮೂವತ್ತೈದರ ನಂತರ ವೇಗವಾಗಿ ಇಳಿಯುತ್ತದೆ. ಹತ್ತು ವರ್ಷ ಗುಳಿಗೆ ಸೇವಿಸಿದವಳಿಗೆ ಗರ್ಭ ನಿಲ್ಲುವುದು ತಡವಾದರೆ, ಅಲ್ಲಿ ಕಾರಣವಾಗಿರುವುದು ಬಹುವೇಳೆ ಗುಳಿಗೆಯಲ್ಲ, ಆ ಹತ್ತು ವರ್ಷಗಳು.

ಅನುಕೂಲದ ದಿನಗಳು

ಅಂಡಾಣು ಹೊರಬಂದ ಬಳಿಕ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಮಾತ್ರ ಜೀವಂತವಾಗಿರುತ್ತದೆ. ವೀರ್ಯಾಣುಗಳು ಸ್ತ್ರೀದೇಹದಲ್ಲಿ ಐದು ದಿನಗಳವರೆಗೆ ಉಳಿಯಬಲ್ಲವು. ಆದುದರಿಂದ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳು ಗರ್ಭಧಾರಣೆಗೆ ಅನುಕೂಲವಾದುವು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಣು ಹೊರಬರುತ್ತದೆ. ಋತುಚಕ್ರ 28 ದಿನಗಳದಾದರೆ ಅದು 14ನೆಯ ದಿನದ ಸುಮಾರಿಗೆ. 32 ದಿನಗಳದಾದರೆ 18ನೆಯ ದಿನದ ಸುಮಾರಿಗೆ. ಎರಡನೆಯ ಉದಾಹರಣೆಯಲ್ಲಿ 13ರಿಂದ 18ನೆಯ ದಿನದವರೆಗೆ ಅನುಕೂಲ ಕಾಲ. ಈ ದಿನಗಳಲ್ಲಿ ಯೋನಿಸ್ರಾವವು ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆಯಾಗಿ ಕಾಣುವುದುಂಟು.

ಗುಳಿಗೆ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಋತುಚಕ್ರ ಹಿಂದುಮುಂದಾಗುವುದರಿಂದ ಲೆಕ್ಕ ತಪ್ಪುವ ಸಂಭವವಿದೆ. ದಿನಗಳನ್ನು ಎಣಿಸಿ ಆತಂಕಕ್ಕೊಳಗಾಗುವ ಬದಲು ಎರಡು ಮೂರು ದಿನಗಳಿಗೊಮ್ಮೆ ದಾಂಪತ್ಯ ಸಂಪರ್ಕವಿದ್ದರೆ ಸಾಕು. ಮುಟ್ಟಾದ ಮೊದಲ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಒಳ್ಳೆಯದು. ವೈದ್ಯರು ಮೊದಲು ಕೇಳುವ ಪ್ರಶ್ನೆಯೇ ಅದು.

ಪೂರ್ವಸಿದ್ಧತೆ

ನಿಲ್ಲಿಸುವ ಮುಂಚೆಯೇ ಕೆಲವು ಸಿದ್ಧತೆಗಳನ್ನು ಮಾಡಿಕೊಳ್ಳಬೇಕು. ಪ್ರತಿದಿನ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವುದಕ್ಕೆ ಮೊದಲೇ ಆರಂಭಿಸುವುದರಿಂದ ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಕೆಲವು ದೋಷಗಳನ್ನು ತಡೆಯಬಹುದು. ಈ ಅಂಗಗಳು ಗರ್ಭದ ಮೊದಲ ವಾರಗಳಲ್ಲೇ ರೂಪುಗೊಳ್ಳುವುದರಿಂದ, ಗರ್ಭ ನಿಂತದ್ದು ತಿಳಿದ ಮೇಲೆ ಆರಂಭಿಸಿದರೆ ತಡವಾಗುತ್ತದೆ. ರಕ್ತಹೀನತೆ, ಮಧುಮೇಹ, ರಕ್ತದೊತ್ತಡ, ಥೈರಾಯ್ಡ್ ಇವುಗಳ ಪರೀಕ್ಷೆ ಮಾಡಿಸಬೇಕು. ಮೂರ್ಛೆರೋಗ ಮುಂತಾದವುಗಳಿಗೆ ಔಷಧ ಸೇವಿಸುವವರು ವೈದ್ಯರೊಡನೆ ಮೊದಲೇ ಮಾತನಾಡಬೇಕು. ತಾವಾಗಿಯೇ ಔಷಧವನ್ನು ನಿಲ್ಲಿಸಬಾರದು. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಕನಿಷ್ಠ ಒಂದು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು.

ಪತಿಯ ಪಾಲೂ ಇದರಲ್ಲಿ ಸಮನಾಗಿದೆ. ವೀರ್ಯಾಣುಗಳು ಬೆಳೆದು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಬೀಡಿ, ಸಿಗರೇಟು, ಗುಟ್ಕಾ, ಮದ್ಯಪಾನಗಳು ಅವುಗಳ ಸಂಖ್ಯೆ ಮತ್ತು ಚಲನೆಯನ್ನು ಕುಂದಿಸುತ್ತವೆ. ಹೋಟೆಲಿನ ಒಲೆಯ ಮುಂದೆ, ಕುಲುಮೆಯ ಬಳಿ ದೀರ್ಘಕಾಲ ದುಡಿಯುವವರಲ್ಲಿ ಅತಿಯಾದ ಶಾಖದಿಂದ ಇಂತಹುದೇ ಪರಿಣಾಮ ಆಗಬಹುದು.

ವೈದ್ಯರನ್ನು ಯಾವಾಗ ಕಾಣಬೇಕು?

ಮಹಿಳೆಯ ವಯಸ್ಸು 35ಕ್ಕಿಂತ ಕಡಿಮೆಯಿದ್ದು, ಒಂದು ವರ್ಷ ನಿಯಮಿತವಾಗಿ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಅಗತ್ಯ. ವಯಸ್ಸು 35 ಅಥವಾ ಹೆಚ್ಚು ಇದ್ದರೆ ಆರು ತಿಂಗಳು ಸಾಕು. ಗುಳಿಗೆ ನಿಲ್ಲಿಸಿ ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ, ಮೊದಲು ಗರ್ಭ ಪರೀಕ್ಷೆ ಮಾಡಿಸಿ, ಇಲ್ಲವೆಂದಾದರೆ ವೈದ್ಯರನ್ನು ಕಾಣಬೇಕು. ಅಂತರಾ ಪಡೆದವರಲ್ಲಿ ಕೊನೆಯ ಚುಚ್ಚುಮದ್ದಿನಿಂದ ಒಂದು ವರ್ಷ ಕಳೆದರೂ ಮುಟ್ಟು ಮರಳದಿದ್ದರೆ ತಡಮಾಡಬಾರದು. ಹಿಂದೆ ಕ್ಷಯರೋಗ, ಕಿಬ್ಬೊಟ್ಟೆಯ ಸೋಂಕು ಅಥವಾ ಶಸ್ತ್ರಚಿಕಿತ್ಸೆ ಆಗಿದ್ದವರು ಇಷ್ಟು ಕಾಲ ಕಾಯುವ ಅಗತ್ಯವಿಲ್ಲ. ಕ್ಷಯರೋಗವು ಗರ್ಭನಾಳಗಳನ್ನು ಮುಚ್ಚುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ವರದಿಯಲ್ಲಿ, ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಸಂತಾನಹೀನತೆಯ ತೊಂದರೆಯನ್ನು ಅನುಭವಿಸುತ್ತಾರೆಂದು ತಿಳಿಸಿದೆ. ಕಾರಣ ಪತಿಯಲ್ಲಿರಬಹುದು, ಪತ್ನಿಯಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಆದುದರಿಂದ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋಗಬೇಕು. ವೀರ್ಯಪರೀಕ್ಷೆಯು ಸುಲಭವಾದುದು, ನೋವಿಲ್ಲದುದು, ಕಡಿಮೆ ಖರ್ಚಿನದು. ಅದನ್ನು ಮಾಡಿಸದೆ ಹೆಣ್ಣನ್ನು ಮಾತ್ರ ಪರೀಕ್ಷೆಯಿಂದ ಪರೀಕ್ಷೆಗೆ ಅಲೆಸುವುದು ಅನ್ಯಾಯ, ಅವೈಜ್ಞಾನಿಕ.

ಚೆನ್ನೈನಲ್ಲಿ ದೊರೆಯುವ ನೆರವು

ಚೆನ್ನೈ ನಗರವು ಸ್ತ್ರೀರೋಗ ಚಿಕಿತ್ಸೆಯಲ್ಲಿ ದೀರ್ಘ ಪರಂಪರೆಯುಳ್ಳದ್ದು. ಎಳುಂಬೂರಿನ ಪ್ರಸೂತಿ ಮತ್ತು ಸ್ತ್ರೀರೋಗ ಸಂಸ್ಥೆ ಹಾಗೂ ಸರ್ಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆಯು 1844ರಲ್ಲಿ ಹೆರಿಗೆ ಆಸ್ಪತ್ರೆಯಾಗಿ ಸ್ಥಾಪಿತವಾಯಿತು. ತಿರುವಲ್ಲಿಕ್ಕೇಣಿಯ ಕಸ್ತೂರಬಾ ಗಾಂಧಿ ಆಸ್ಪತ್ರೆಯು 1885ರಲ್ಲಿ ಆರಂಭವಾದುದು. ಪರದೆಯಲ್ಲಿದ್ದ ಹೆಂಗಸರಿಗೂ ಚಿಕಿತ್ಸೆ ದೊರೆಯಲೆಂದು ಸ್ಥಾಪಿಸಿದ್ದರಿಂದ ಇದನ್ನು ಗೋಷಾ ಆಸ್ಪತ್ರೆಯೆಂದೂ ಕರೆಯುತ್ತಾರೆ. ದಕ್ಷಿಣ ಭಾರತದ ಮೊದಲ ಪ್ರನಾಳ ಶಿಶುವು 1990ರಲ್ಲಿ ಈ ನಗರದಲ್ಲಿಯೇ ಡಾ. ಕಮಲಾ ಸೆಲ್ವರಾಜ್ ಅವರ ಚಿಕಿತ್ಸೆಯಿಂದ ಜನಿಸಿತು. ಬಹುಕಾಲ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ ದುಬಾರಿ ವೆಚ್ಚಕ್ಕೆ ದೊರೆಯುತ್ತಿದ್ದ ಕೃತಕ ಗರ್ಭಧಾರಣಾ ಚಿಕಿತ್ಸೆಗಾಗಿ 2024ರಲ್ಲಿ ಎಳುಂಬೂರಿನ ಸರ್ಕಾರಿ ಸಂಸ್ಥೆಯಲ್ಲಿಯೇ ಕೇಂದ್ರವೊಂದು ಆರಂಭವಾದುದು ಬಡ ಮತ್ತು ಮಧ್ಯಮವರ್ಗದ ದಂಪತಿಗಳಿಗೆ ದೊಡ್ಡ ಅನುಕೂಲ.

ಮೊದಲ ಹೆಜ್ಜೆಯಾಗಿ ಮನೆಗೆ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಗತ್ಯವಿದ್ದರೆ ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ತಮಿಳು ಚೆನ್ನಾಗಿ ಬಾರದ ಕನ್ನಡ ಹೆಣ್ಣುಮಕ್ಕಳು ಹೇಳಲಾರದೆ ಸುಮ್ಮನಿರುವುದುಂಟು. ಕೆಲವು ಮಾತುಗಳನ್ನು ಕಲಿತಿದ್ದರೆ ಸಂಕೋಚ ಕಡಿಮೆಯಾಗುತ್ತದೆ: ಮುಟ್ಟಿಗೆ ‘ಮಾದವಿಡಾಯ್’, ಗರ್ಭನಿರೋಧಕ ಗುಳಿಗೆಗೆ ‘ಕರುತ್ತಡೈ ಮಾತ್ತಿರೈ’, ಚುಚ್ಚುಮದ್ದಿಗೆ ‘ಊಸಿ’. ಯಾವ ಸಾಧನ, ಎಷ್ಟು ವರ್ಷ, ಕೊನೆಯ ಬಾರಿ ಯಾವಾಗ ಎಂಬ ಮೂರು ವಿವರಗಳನ್ನು ಬರೆದು ಒಯ್ಯಬೇಕು. ಚುಚ್ಚುಮದ್ದಿನ ಕಾರ್ಡು ಇದ್ದರೆ ಅದನ್ನೂ ತೋರಿಸಬೇಕು. ಗರ್ಭ ನಿಂತೊಡನೆ ತಮಿಳುನಾಡಿನಲ್ಲಿ ಅದನ್ನು ನೋಂದಾಯಿಸಿ ‘ಪಿಕ್ಮೆ’ ಸಂಖ್ಯೆಯನ್ನು ಪಡೆಯಬೇಕು. ಅರ್ಹರಾದವರಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು ಯೋಜನೆಯ ಸೌಲಭ್ಯವೂ ಇದೆ.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರು ಒಂದು ಸಂಗತಿಯನ್ನು ನೆನಪಿಡಬೇಕು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ನಿಯಂತ್ರಿಸುವ 2021ರ ಕಾಯಿದೆಯು 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ ಇಂತಹ ಚಿಕಿತ್ಸಾಲಯಗಳು ನೋಂದಣಿಯಾಗಿರುವುದು ಕಡ್ಡಾಯ. ನೋಂದಣಿ ಪತ್ರವನ್ನು ಕೇಳಿ ನೋಡುವುದು ರೋಗಿಯ ಹಕ್ಕು. ಗುಳಿಗೆ ನಿಲ್ಲಿಸಿ ಎರಡು ಮೂರು ತಿಂಗಳಷ್ಟೇ ಆಗಿರುವ, ಬೇರಾವ ತೊಂದರೆಯೂ ಇಲ್ಲದ ಯುವ ದಂಪತಿಗಳು ಆತುರದಿಂದ ದುಬಾರಿ ಚಿಕಿತ್ಸೆಗೆ ಸಾಲಮಾಡಬೇಕಾಗಿಲ್ಲ.

ಕೆಲವು ಸಂದೇಹಗಳು, ಸಮಾಧಾನಗಳು

ಗುಳಿಗೆಯಿಂದ ಬಂಜೆತನ ಬರುವುದೇ? – ಇಲ್ಲ. ಎಷ್ಟು ವರ್ಷ ಬಳಸಿದ್ದರೂ ಅದರ ಪರಿಣಾಮ ತಾತ್ಕಾಲಿಕ.

ಗರ್ಭಕೋಶಕ್ಕೆ ‘ವಿಶ್ರಾಂತಿ’ ಕೊಡಲು ಕೆಲವು ತಿಂಗಳು ಕಾಯಬೇಕೇ? – ಬೇಕಾಗಿಲ್ಲ. ಒಂದು ಸಹಜ ಮುಟ್ಟು ಆದ ಮೇಲೆ ಗರ್ಭ ನಿಂತರೆ ದಿನಗಳನ್ನು ಎಣಿಸಲು ಸುಲಭ, ಅಷ್ಟೇ.

ನಿಲ್ಲಿಸಿದ ತಿಂಗಳಲ್ಲೇ ಗರ್ಭ ನಿಂತರೆ ಮಗುವಿಗೆ ಅಂಗವೈಕಲ್ಯ ಬರುವುದೇ? – ಹಾಗೆ ಹೆದರಲು ಕಾರಣವಿಲ್ಲ. ಅಂತಹ ಗರ್ಭವನ್ನು ಈ ಭಯದಿಂದ ತೆಗೆಸಿಕೊಳ್ಳುವುದು ಅನಗತ್ಯ.

ಪಟ್ಟಿಯ ನಡುವೆ ನಿಲ್ಲಿಸಬಹುದೇ? – ಅಪಾಯವಿಲ್ಲ. ಆದರೆ ಪಟ್ಟಿಯನ್ನು ಮುಗಿಸಿ ನಿಲ್ಲಿಸಿದರೆ ರಕ್ತಸ್ರಾವದ ಏರುಪೇರು ಕಡಿಮೆ.

ಮುಟ್ಟು ಬರುವವರೆಗೆ ಗರ್ಭ ನಿಲ್ಲುವುದಿಲ್ಲವೇ? – ನಿಲ್ಲಬಹುದು. ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗುತ್ತದೆ. ಇನ್ನೂ ಮಗು ಬೇಡವೆನ್ನುವವರು ನಿಲ್ಲಿಸಿದ ದಿನದಿಂದಲೇ ಬೇರೆ ಸಾಧನವನ್ನು ಬಳಸಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಗುಳಿಗೆಯ ಕಾಲದಲ್ಲಿ ಬರುವ ರಕ್ತಸ್ರಾವಕ್ಕೂ ಸಹಜ ಮುಟ್ಟಿಗೂ ಇರುವ ವ್ಯತ್ಯಾಸವೇನು?
2. ಮಾರ್ಚ್ 1ರಂದು ಕೊನೆಯ ಅಂತರಾ ಚುಚ್ಚುಮದ್ದು ಪಡೆದ ಮಹಿಳೆಗೆ ಏಳರಿಂದ ಹತ್ತು ತಿಂಗಳ ಅವಧಿ ಯಾವಾಗ ಬರುತ್ತದೆ?
3. ಋತುಚಕ್ರ 30 ದಿನಗಳದಾದರೆ ಅನುಕೂಲದ ದಿನಗಳು ಯಾವುವು?
4. ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮುಂಚೆಯೇ ಆರಂಭಿಸಬೇಕು, ಏಕೆ?
5. ಪರೀಕ್ಷೆಗೆ ಪತಿ ಪತ್ನಿಯರಿಬ್ಬರೂ ಹೋಗಬೇಕೆನ್ನಲು ಕಾರಣವೇನು?

ಈ ಪ್ರಶ್ನೆಗಳನ್ನು ಪತಿ ಪತ್ನಿಯರು ಒಟ್ಟಿಗೆ ಕುಳಿತು ಓದಿ ಉತ್ತರಿಸಿದರೆ ಪಾಠದ ಉದ್ದೇಶ ಈಡೇರುತ್ತದೆ. ಮನೆಯ ಹಿರಿಯರಿಗೂ ಇದನ್ನು ತಿಳಿಸಿಹೇಳಬೇಕು. ಸೊಸೆಯ ಮೇಲೆ ಮಾತು ಹೊರಿಸುವ ಮುಂಚೆ ತಿಂಗಳುಗಳ ಲೆಕ್ಕವನ್ನು ನೋಡುವ, ಮಗನನ್ನೂ ಜೊತೆಗೆ ಆಸ್ಪತ್ರೆಗೆ ಕಳುಹಿಸುವ ಅತ್ತೆಮಾವಂದಿರಿರುವ ಮನೆಯಲ್ಲಿ ಕಾಯುವ ಕಾಲವು ಅಷ್ಟು ಕಠಿಣವೆನಿಸುವುದಿಲ್ಲ.